ಸೋದರಮಾವನಿಗೆ ವೀಳ್ಯ

ಜೈಲಿನೊಳಗೆ ಅಡಿಕೆ ಬಿಡುವುದಿಲ್ಲ. ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೆ? (ಗೊತ್ತಿದ್ದರೆ, ಹೇಗೆ ಗೊತ್ತು ಎಂದು ಕೇಳುವುದಿಲ್ಲ ಬಿಡಿ.)

ಕಳೆದ ಮಂಗಳವಾರ ಬೆಳಿಗ್ಗೆ ಜೈಲಿನ ತಪಾಸಣೆ ಟೇಬಲ್ಲಿನ ಮುಂದೆ ಕೈಕಟ್ಟಿ ನಿಂತಿದ್ದೆ. ಮಹಿಳಾ ವಾರ್ಡರ್ ಒಬ್ಬರು ನಮ್ಮ ಬ್ಯಾಗಿನಿಂದ ಒಂದೊಂದೇ ಸಾಮಾನು ತೆಗೆದು ಸಾಲಾಗಿ ಇಡುತ್ತಿದ್ದರು. ಒಂದು ಕಟ್ಟು ವೀಳ್ಯದೆಲೆ. ಐದು ಅಡಿಕೆ. ಅರಿಶಿನ, ಕುಂಕುಮದ ಪೊಟ್ಟಣ. ಹೊಸ ಪಂಚೆ, ಟವೆಲ್. ಒಂದು ಲಗ್ನಪತ್ರಿಕೆ. ಕೊನೆಗೆ ತೆಂಗಿನಕಾಯಿ ಹೊರಬಂತು. ಅವರು ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಇದು ಯಾರ ತಲೆಗೆ ಹೊಡೆಯೋಕೆ ಮೇಡಂ ಎಂದು ತಣ್ಣಗೆ ಕೇಳಿದರು.

ನಾನು ಪಕ್ಕದಲ್ಲಿದ್ದ ಮಹದೇವಮ್ಮನ ಮುಖ ನೋಡಿದೆ. ಅವಳು ಗೋಡೆಯ ಕಡೆ ನೋಡುತ್ತಿದ್ದಳು.

ಮಹದೇವಮ್ಮ ಮುಳ್ಳೂರಿನವಳು. ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ನನ್ನ ಪಕ್ಕ ಕೂತು, ನನ್ನ ಲೆಕ್ಕ ಕಾಪಿ ಮಾಡಿ, ನನ್ನಷ್ಟೇ ಕಡಿಮೆ ನಂಬರ್ ತೆಗೆದವಳು. ಈಗ ಅವಳ ಮಗಳು ರೂಪಾಗೆ ಮದುವೆ. ಹುಡುಗ ಒಡೆಯರಪಾಳ್ಯದ ಕಡೆಯವನು, ಯಳಂದೂರಿನಲ್ಲಿ ಮೆಡಿಕಲ್ ಸ್ಟೋರ್ ಇಟ್ಟಿದ್ದಾನೆ. ಛತ್ರ ಬುಕ್ ಆಗಿದೆ, ಪತ್ರಿಕೆ ಅಚ್ಚಾಗಿದೆ, ಸೀರೆ ಬಂದಿದೆ. ಮದುವೆಗೆ ಹನ್ನೆರಡೇ ದಿನ. ಆದರೆ ಒಂದೇ ಒಂದು ಪತ್ರಿಕೆಯೂ ಮನೆಯಿಂದ ಹೊರಗೆ ಹೋಗಿಲ್ಲ. ಎಲ್ಲ ಮಂಚದ ಕೆಳಗೇ ಇವೆ.

ಯಾಕೆ? ನಮ್ಮ ಕಡೆ ಮೊದಲ ವೀಳ್ಯ ಸೋದರಮಾವನಿಗೆ. ಅವನ ಕೈಗೆ ಎಲೆ ಅಡಿಕೆ ಕೊಟ್ಟು ಕರೆದ ಮೇಲೇ ಉಳಿದವರ ಬಾಗಿಲಿಗೆ ಹೋಗಬೇಕು. ಹೆಣ್ಣನ್ನು ಹಸೆಮಣೆಗೆ ಕರೆತರುವವನೂ ಅವನೇ. ರೂಪಾಳ ಸೋದರಮಾವ ಶಿವಮಲ್ಲಪ್ಪ, ಅಂದರೆ ಮಹದೇವಮ್ಮನ ಒಬ್ಬನೇ ಅಣ್ಣ, ಮೂರು ತಿಂಗಳಿಂದ ಜೈಲಿನಲ್ಲಿದ್ದಾನೆ. ಬದುವಿನ ಜಗಳ. ಒಂದು ಅಡಿ ಮಣ್ಣಿಗೆ ದಾಯಾದಿಯ ಮೇಲೆ ಗುದ್ದಲಿಯ ಕಾವು ಬೀಸಿ ಕೈ ಮುರಿದ. ಅದರಲ್ಲಿ ಅನುಮಾನವೇನಿಲ್ಲ, ಊರೇ ನೋಡಿದೆ. ಜಾಮೀನು ಎರಡು ಸಲ ಬಿದ್ದುಹೋಗಿದೆ.

ಅವನ ಲಾಯರ್ ಒಂದು ದಾರಿ ಹೇಳಿದ್ದರು. ಮದುವೆಯ ದಿನ ಪೊಲೀಸ್ ಕಾವಲಿನಲ್ಲಿ ಕೆಲವು ಗಂಟೆ ಹೊರಗೆ ಕಳಿಸಿ ಎಂದು ಕೋರ್ಟಿಗೆ ಅರ್ಜಿ ಹಾಕಬಹುದು. ಅರ್ಜಿಗೆ ಅವನ ಸೈನ್ ಬೇಕು. ಬುಧವಾರದೊಳಗೆ ಹಾಕಬೇಕು. ಹಾಗಾಗಿ ಮಂಗಳವಾರವೇ ಹೋಗಬೇಕಾಯಿತು. ಆದರೆ ಶಿವಮಲ್ಲಪ್ಪ ಹೆಂಡತಿಯ ಕೈಲಿ ಹೇಳಿಕಳಿಸಿದ್ದನಂತೆ: ತಂಗಿ ಬರುವುದಾದರೆ ಗುರುವಾರ ಬರಲಿ, ಮಂಗಳವಾರ ಮಾತ್ರ ಬೇಡ. ಶುಭಕಾರ್ಯದ ಮಾತು, ಮಂಗಳವಾರ ಆಗಬಾರದು ಅಂತಿರಬೇಕು ಎಂದು ಮಹದೇವಮ್ಮ ಅರ್ಥ ಮಾಡಿಕೊಂಡಳು.

"ನೀ ಬರ್ಬೇಕು ಕಣೇ. ಪೇಪರ್‌ಗೆ ಬರೆಯೋಳು ನೀನು, ನಿನ್ ಮಾತು ನಡೀತದೆ," ಎಂದಳು ನನಗೆ.

(ನನ್ನ ಮಾತು ನಮ್ಮ ಮನೆಯಲ್ಲೇ ನಡೆಯುವುದಿಲ್ಲ. ಆದರೂ ಹೊರಟೆ.)

ಯಾವ ಜೈಲು ಎಂದು ಬರೆಯುವುದಿಲ್ಲ. ಅಲ್ಲಿಯ ಸಿಬ್ಬಂದಿ ಒಳ್ಳೆಯವರು, ನನ್ನಿಂದ ಅವರಿಗೆ ಮೆಮೊ ಬರುವುದು ಬೇಡ. ಎರಡು ಬಸ್ ಬದಲಾಯಿಸಿ ಇಳಿದಾಗ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನೇ ನಮ್ಮನ್ನು ಬರಮಾಡಿಕೊಂಡ. ಆಧಾರ್ ಕಾಪಿ ಎರಡು, ಭೇಟಿ ಅರ್ಜಿ ಒಂದು, ಫೋನ್ ಇಲ್ಲೇ ಇಟ್ಟು ಹೋಗಿ, ಪೈಜಾಮಾ ತಂದಿದ್ದರೆ ಲಾಡಿ ಈಗಲೇ ಎಳೆದುಬಿಡಿ ಎಂದು ಬಾಯಿಪಾಠ ಒಪ್ಪಿಸಿದ. ಅಡಿಕೆಯ ವಿಷಯ ಅವನೂ ಹೇಳಲಿಲ್ಲ. ಜೈಲಿಗೆ ವೀಳ್ಯ ತರುವ ಗಿರಾಕಿಗಳನ್ನು ಅವನು ಕಂಡಿರಲಿಲ್ಲವೇನೋ.

ಎಲೆ, ಅಡಿಕೆ, ಕಾಯಿ, ಅರಿಶಿನ ಕುಂಕುಮ ಟೇಬಲ್ ಕೆಳಗೆ ಹೋದವು. ಪಂಚೆ, ಟವೆಲ್ ಪಾಸಾದವು. ಪತ್ರಿಕೆಯನ್ನು ಬಿಡುವುದೋ ಬೇಡವೋ ಎಂದು ತೀರ್ಮಾನಿಸಲು ಹೆಡ್ ವಾರ್ಡರ್ ಬಂದರು. ನರೆತ ಮೀಸೆಯ, ಎಲ್ಲದಕ್ಕೂ ಅರ್ಧ ನಗುವ ಮನುಷ್ಯ. ಲಗ್ನಪತ್ರಿಕೆಯನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ನಾನೇ ಕೈಯಾರೆ ಕೊಡ್ತೀನಿ ಎಂದು ಜೇಬಿಗೆ ಹಾಕಿಕೊಂಡರು. ಸ್ವಂತ ಭಾಮೈದನ ಮದುವೆಗೆ ತಮಗೆ ರಜೆ ಸಿಕ್ಕಿರಲಿಲ್ಲ ಎಂದೂ ಹೇಳಿದರು.

"ಇವರಿಗೆಲ್ಲ ಇವತ್ತಲ್ಲ ನಾಳೆ ಬೇಲ್ ಸಿಗ್ತದೆ ಮೇಡಂ. ನಾನು ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದೀನಿ. ನನಗ್ಯಾರು ಜಾಮೀನು ನಿಲ್ತಾರೆ?"

ನಕ್ಕೆವು. ಟೋಕನ್ ಹಿಡಿದು ಕಾಯುವ ಹಾಲಿನ ಬೆಂಚಿನ ಮೇಲೆ ಕೂತೆವು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಹೆಂಗಸು, ಹಿಂದೆ ಒಬ್ಬ ಗಂಡಸು ಒಳಬಂದರು. ಮಹದೇವಮ್ಮ ನನ್ನ ತೊಡೆ ಎಷ್ಟು ಜೋರಾಗಿ ಚಿವುಟಿದಳೆಂದರೆ ಗುರುತು ಇನ್ನೂ ಇದೆ.

ಬಂದವರು ಬೀಗರು. ಹುಡುಗನ ತಾಯಿ ರಾಜಮ್ಮ ಮತ್ತು ಅವರ ಯಜಮಾನರು.

ಈಗ ನಿಮಗೊಂದು ವಿಷಯ ಹೇಳಬೇಕು. ಅಣ್ಣ ಜೈಲಿನಲ್ಲಿರುವುದನ್ನು ಮಹದೇವಮ್ಮ ಬೀಗರಿಗೆ ಹೇಳಿರಲಿಲ್ಲ. ಮಡಿಕೇರಿಯ ಕಾಫಿ ತೋಟದಲ್ಲಿ ಮೇಸ್ತ್ರಿ ಎಂದಿದ್ದಳು. ಪತ್ರಿಕೆಯಲ್ಲೂ 'ಶಿವಮಲ್ಲಪ್ಪ, ಮಡಿಕೇರಿ' ಎಂದೇ ಅಚ್ಚು ಹಾಕಿಸಿದ್ದಳು. ಮುಳ್ಳೂರಿಗೂ ಒಡೆಯರಪಾಳ್ಯಕ್ಕೂ ನಡುವೆ ಅಷ್ಟೊಂದು ಬೆಟ್ಟ ಕಾಡು ಇರುವುದರಿಂದ ಸುದ್ದಿ ದಾಟಿರಲಿಲ್ಲ. ಮದುವೆಯ ದಿನ ಪೊಲೀಸರು ಜೊತೆಗೆ ಬಂದರೆ ಏನು ಹೇಳುತ್ತೀಯೇ ಎಂದು ನಾನು ಬಸ್ಸಿನಲ್ಲೇ ಕೇಳಿದ್ದೆ. ಮಫ್ತಿಯಲ್ಲಿ ಬರ್ತಾರಂತೆ, ತೋಟದ ಸಾವ್ಕಾರ್ರು ಅಂತೀನಿ ಎಂದಿದ್ದಳು ಪುಣ್ಯಾತ್ಗಿತ್ತಿ.

ರಾಜಮ್ಮನವರೂ ನಮ್ಮನ್ನು ಕಂಡು ಬಾಗಿಲಲ್ಲೇ ನಿಂತರು. ಮೊದಲು ಚೇತರಿಸಿಕೊಂಡದ್ದು ಮಹದೇವಮ್ಮ. ಇವಳು ಪೇಪರಿಗೆ ಬರೀತಾಳಲ್ಲ, ಜೈಲಿನ ಬಗ್ಗೆ ಬರೆಯೋಕೆ ಬಂದವಳೆ, ಒಬ್ಬಳೇ ಯಾಕೆ ಅಂತ ನಾನೂ ಬಂದೆ ಎಂದಳು. ಜೈಲಿನ ಸಾಹೇಬರು ನಮ್ಮ ಪೈಕಿ, ಮಾತಾಡಿಸಿ ಹೋಗವಾ ಅಂತ ಬಂದ್ವಿ ಎಂದರು ರಾಜಮ್ಮ. ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತೆವು. ನಾನು ಉಳಿದಿದ್ದ ಒಂದು ಜೆರಾಕ್ಸ್ ಹಾಳೆಯ ಹಿಂಬದಿಯಲ್ಲಿ ಪೆನ್ನು ಹಿಡಿದು ಏನೋ ಗೀಚತೊಡಗಿದೆ. ಗೋಡೆ ಹಳದಿ. ಫ್ಯಾನು ಮೂರು, ತಿರುಗುವುದು ಒಂದು. ಪತ್ರಿಕೋದ್ಯಮ ನಡೆಸುತ್ತಿದ್ದೇನೆ ಎಂದು ತೋರಿಸಬೇಕಲ್ಲ?

ಅವರು ಎದ್ದು ಹೋಗಲಿ ಎಂದು ನಾವು ಕಾದೆವು. ಅವರು ಯಾಕೋ ಏಳುತ್ತಲೇ ಇಲ್ಲ. ಸಾಹೇಬರು ಮೀಟಿಂಗಿನಲ್ಲಿದ್ದಾರಂತೆ.

ಒಳಬಾಗಿಲಲ್ಲಿ ಹೆಡ್ ವಾರ್ಡರ್ ಕಾಣಿಸಿಕೊಂಡು ಚೀಟಿ ನೋಡಿ ಕೂಗಿದರು. ಶಿವಮಲ್ಲಪ್ಪ, ಮುಳ್ಳೂರು, ಕಡೆಯವರು ಯಾರು?

ಮಹದೇವಮ್ಮ ಅಲುಗಲಿಲ್ಲ. ಎರಡನೇ ಸಲ ಕೂಗಿದರು. ನನ್ನ ಪೆನ್ನು ನಿಂತಿತು. ಮೂರು ಸಲಕ್ಕೆ ಏಳದಿದ್ದರೆ ಚೀಟಿ ರದ್ದು. ವಾರಕ್ಕೆ ಒಂದೇ ಭೇಟಿ. ಸೈನ್ ಇಲ್ಲ, ಅರ್ಜಿ ಇಲ್ಲ, ಅಣ್ಣ ಇಲ್ಲದ ಮದುವೆ. ಎದ್ದರೆ? ಎದ್ದರೆ ಮದುವೆಯೇ ಇಲ್ಲದಿರಬಹುದು. ಅವಳ ಕೈ ನನ್ನ ಕೈಯಲ್ಲಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೂರನೇ ಸಲ ಕೂಗುವ ಮೊದಲೇ ಅವಳು ಎದ್ದಳು. ಸೆರಗು ಸರಿಮಾಡಿಕೊಂಡು, ರಾಜಮ್ಮನವರ ಎದುರಿಗೇ ಹೋಗಿ ನಿಂತಳು.

"ನಮ್ಮಣ್ಣ ಮಡಿಕೇರಿಗೂ ಓಗಿಲ್ಲ, ಎಲ್ಗೂ ಓಗಿಲ್ಲ ಕಣ್ರಿ. ಒಡ್ದಾಟ ಮಾಡ್ಕಂಡು ಇಲ್ಲೇ ಅವ್ನೆ. ಸುಳ್ ಯೋಳಿದ್ದು ನನ್ ತಪ್ಪು. ಬ್ಯಾಡ ಅನ್ಸುದ್ರೆ ಈಗ್ಲೇ ಯೋಳ್ಬುಡಿ. ಅಣ್ಣನ್ನ ಬುಟ್ಟು ನನ್ ಮಗಳ ಮದ್ವೆ ನಾ ಮಾಡಕಿಲ್ಲ."

ರಾಜಮ್ಮನವರ ಯಜಮಾನರು ತಿರುಗದ ಫ್ಯಾನನ್ನು ಶ್ರದ್ಧೆಯಿಂದ ನೋಡುತ್ತಿದ್ದರು. ಮಹದೇವಮ್ಮ ಒಳಬಾಗಿಲ ಕಡೆ ಹೆಜ್ಜೆ ಇಟ್ಟಳು. ಹೆಡ್ ವಾರ್ಡರ್ ಮುಂದಿನ ಚೀಟಿ ತೆಗೆದರು. ಬಸವರಾಜು, ಒಡೆಯರಪಾಳ್ಯ, ಕಡೆಯವರು?

ಬಸವರಾಜು ಯಾರು ಗೊತ್ತೆ? ಹುಡುಗನ ಚಿಕ್ಕಪ್ಪ. ಬೀಗರು ಹೇಳಿದ್ದ ಪ್ರಕಾರ ಕೊಯಮತ್ತೂರಿನ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿ, ರಜೆ ಸಿಗದೆ ಹೆಣ್ಣು ನೋಡುವ ಶಾಸ್ತ್ರಕ್ಕೂ ಬಾರದಿದ್ದ ಮನುಷ್ಯ. ಹಂದಿ ಕಾಟ ತಡೆಯಲು ಬೇಲಿಗೆ ಕರೆಂಟು ಕೊಟ್ಟು, ಪಕ್ಕದವರ ಎಮ್ಮೆ ಸತ್ತು, ಕೇಳಲು ಬಂದವರ ಮೇಲೇ ಕೈಮಾಡಿ ಒಳಗೆ ಬಂದವನು ಎಂಬುದು ನಮಗೆ ಆಮೇಲೆ ತಿಳಿಯಿತು.

ರಾಜಮ್ಮ ನಿಧಾನವಾಗಿ ಎದ್ದರು. ಮುಖ ಕೆಂಪಾಗಿತ್ತು. ಮಹದೇವಮ್ಮನ ಹತ್ತಿರ ಬಂದು ಅವಳ ಮೊಣಕೈ ಹಿಡಿದುಕೊಂಡರು.

"ನಡೀರಿ ಬೀಗ್ರೇ, ಒಟ್ಗೇ ಓಗವ," ಎಂದರು.

ಭೇಟಿಯ ಕೋಣೆಯಲ್ಲಿ ಎರಡು ಕಬ್ಬಿಣದ ಜಾಲರಿ, ಎರಡರ ನಡುವೆ ಒಂದು ಮೊಳ ಜಾಗ. ಮುಟ್ಟುವಂತಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುವುದರಿಂದ ಎಲ್ಲರೂ ಕೂಗಲೇಬೇಕು. ಗುಟ್ಟು ಹೇಳುವ ಸೌಕರ್ಯವೇ ಇಲ್ಲ. ಒಬ್ಬಳು ಎಮ್ಮೆ ಗಬ್ಬವಾಗಿದೆ ಎಂದು ಕೂಗಿದರೆ ಪಕ್ಕದವರ ಕೈದಿ ಎಷ್ಟನೇದು ಎಂದು ಕೇಳುತ್ತಾನೆ.

ಆ ಕಡೆಯಿಂದ ಶಿವಮಲ್ಲಪ್ಪ, ಬಸವರಾಜು ಇಬ್ಬರೂ ಒಟ್ಟಿಗೇ ಬಂದರು. ಇಬ್ಬರ ಕೈಯಲ್ಲೂ ರಾಗಿ ಹಿಟ್ಟು. ನಮ್ಮೆಲ್ಲರನ್ನೂ ಒಂದೇ ಸಾಲಿನಲ್ಲಿ ಕಂಡು ಶಿವಮಲ್ಲಪ್ಪ ಹಿಟ್ಟಿನ ಕೈಯಲ್ಲೇ ಹಣೆ ಚಚ್ಚಿಕೊಂಡ.

"ಮಂಗ್ಳಾರ ಬರ್ಬ್ಯಾಡ ಅಂತ ಯೋಳಿ ಕಳ್ಸಿರ್ನಿಲ್ವಾ ನಾನು?"

ವಿಷಯ ಇಷ್ಟು. ಇಬ್ಬರೂ ಹೊತ್ತು ಹೋಗಲೆಂದು ಜೈಲಿನ ಅಡುಗೆಮನೆ ಸೇರಿದ್ದಾರೆ. ಬಸವರಾಜು ಹಿಟ್ಟು ತಿರುವುತ್ತಾನೆ, ಶಿವಮಲ್ಲಪ್ಪ ಮುದ್ದೆ ಕಟ್ಟುತ್ತಾನೆ. (ಮನೆಯಲ್ಲಿ ಒಲೆ ಯಾವ ಮೂಲೆಯಲ್ಲಿದೆ ಎಂದು ತಿಳಿಯದ ಗಂಡಸರು.) ಯಾವ ಊರು, ಯಾರ ಪೈಕಿ ಎಂದು ಮಾತಿಗೆ ಮಾತು ಬೆಳೆದು, ತಾವು ಬೀಗರಾಗುತ್ತಿದ್ದೇವೆ ಎಂದು ಗೊತ್ತಾಗಿ ತಿಂಗಳಾಗಿದೆ. ಹೊರಗಿನವರಿಗೆ ತಿಳಿದರೆ ಮದುವೆ ಮುರಿದೀತು ಎಂದು ಇಬ್ಬರಿಗೂ ದಿಗಿಲು. ಅದಕ್ಕೇ ಒಳಗೇ ಕೂತು ಟೈಮ್‌ಟೇಬಲ್ ಹಾಕಿದ್ದಾರೆ. ಮಂಗಳವಾರ ಒಡೆಯರಪಾಳ್ಯದವರು, ಗುರುವಾರ ಮುಳ್ಳೂರಿನವರು. ನಮ್ಮ ನಮ್ಮ ಸುಳ್ಳುಗಳನ್ನು ಕಾಪಾಡುವ ಡ್ಯೂಟಿ ಕೈದಿಗಳ ಮೇಲೆ ಬಿದ್ದಿತ್ತು ನೋಡಿ.

ಕೇಳಿ ರಾಜಮ್ಮನವರಿಗೆ ನಗು ಬಂತು. ಒಂದು ಸಲ ಬಂದದ್ದು ನಿಲ್ಲಲೇ ಇಲ್ಲ. ಮಹದೇವಮ್ಮ ನಗುತ್ತ ನಗುತ್ತ ಅತ್ತಳು.

ಆದರೆ ಕೆಲಸ ಆಗಿರಲಿಲ್ಲ. ಹೆಡ್ ವಾರ್ಡರ್ ಕೊಟ್ಟ ಪತ್ರಿಕೆಯನ್ನು ಶಿವಮಲ್ಲಪ್ಪ ಓದಿದ. ನಾನ್ಯಾವಾಗ ಮಡಿಕೇರಿಗೆ ಹೋದೆ ಎಂದು ಕೇಳಿದ. ದಾಯಾದಿಯ ಕೈ ಹೇಗಿದೆ ಎಂದು ವಿಚಾರಿಸಿದ. ವಾಸಿಯಾಗುತ್ತಿದೆ, ಡೇರಿಗೆ ಹಾಲು ತರುತ್ತಾನೆ ಎಂದಳು ಮಹದೇವಮ್ಮ. ಹಗಲು ಹೇಗೋ ಕಳೆಯುತ್ತದಂತೆ. ಸಂಜೆ ಬಾಗಿಲು ಹಾಕಿದ ಮೇಲೆ ಆ ಒಂದು ಅಡಿ ಮಣ್ಣೇ ಕಣ್ಣ ಮುಂದೆ ಬರುತ್ತದಂತೆ. ಆಮೇಲೆ ಹೆಡ್ ವಾರ್ಡರ್ ಒಳಗೆ ತಲುಪಿಸಿದ ಅರ್ಜಿಯನ್ನು ನೋಡಿದ. ಸೈನ್ ಹಾಕುವುದಿಲ್ಲ ಎಂದ.

"ಪೊಲೀಸ್ರ ಜತ್ಗೆ ಬಂದು ಮಗೀನ ಹಸೆಮಣೆ ಪಕ್ಕ ನಿಂತ್ಕಳದಾ? ಆಗಕಿಲ್ಲ ಕಣವ್ವ. ನಿನ್ ಮೈದುನನ್ ಕೈಲಿ ಮಾಡ್ಸು."

ಮಹದೇವಮ್ಮ ಬೇಡಿದಳು. ಗದರಿಸಿದಳು. ಸತ್ತ ಅಪ್ಪನ ಹೆಸರು ಹೇಳಿದಳು. ನಾನೂ ಒಂದೆರಡು ಮಾತು ಹೇಳಿದೆ (ನಡೆಯಲಿಲ್ಲ, ಎಂದಿನಂತೆ). ಟೈಮ್ ಮುಗಿಯುತ್ತಾ ಬಂತು ಎಂದು ಹೆಡ್ ವಾರ್ಡರ್ ಗಡಿಯಾರ ತೋರಿಸಿದರು. ಆಗ ರಾಜಮ್ಮ ಜಾಲರಿಯ ಹತ್ತಿರ ಬಂದರು.

"ನೋಡಿ ಬೀಗ್ರೇ, ನೀವು ಬರ್ನಿಲ್ಲ ಅಂದ್ರೆ ನಮ್ ಬಸವರಾಜ್ನೂ ಬರಕಿಲ್ಲ. ಅವ್ನ ಕೈಲೂ ಅರ್ಜಿ ಆಕ್ಸ್ತೀನಿ. ಎರಡ್ ಕಡೇಲೂ ಪೊಲೀಸ್ರು ಇದ್ರೆ ಯಾರ್ ಯಾರ್ನ ಆಡ್ಕಂಡಾರು? ಸೈನ್ ಆಕಿ."

ಹುಡುಗನ ಅಪ್ಪ, ಅಲ್ಲಿಯವರೆಗೆ ಒಂದಕ್ಷರ ಆಡದ ಪುಣ್ಯಾತ್ಮ, ಹೌದೌದು ಎಂದರು. ಬಸವರಾಜು ಶಿವಮಲ್ಲಪ್ಪನ ಬೆನ್ನಿಗೆ ಒಂದು ಗುದ್ದಿದ. ಶಿವಮಲ್ಲಪ್ಪ ಪಂಚೆಗೆ ಕೈ ಒರೆಸಿಕೊಂಡು ಸೈನ್ ಹಾಕಿದ. ಅರ್ಜಿಯ ಮೂಲೆಯಲ್ಲಿ ರಾಗಿ ಹಿಟ್ಟಿನ ಹೆಬ್ಬೆಟ್ಟೊಂದು ಬಿತ್ತು. ಕೋರ್ಟು ಅದಕ್ಕೇನು ಹೇಳುತ್ತದೋ ಗೊತ್ತಿಲ್ಲ.

ಟೇಬಲ್ ಕೆಳಗಿನ ಸಾಮಾನು ವಾಪಸ್ ಸಿಕ್ಕಿತು. ಮಹದೇವಮ್ಮ ಎಲೆ ಅಡಿಕೆಯನ್ನು ಅಲ್ಲಿಯೇ ರಾಜಮ್ಮನವರ ಕೈಗಿಟ್ಟು, ಅಣ್ಣನ ಪರವಾಗಿ ತಕಳಿ ಎಂದಳು. ಶಾಸ್ತ್ರ ಆಯಿತೋ ಇಲ್ಲವೋ, ಬಲ್ಲವರು ಬರೆದು ತಿಳಿಸಿ. ನನ್ನ ಪ್ರಕಾರ ಆಯಿತು. (ಇದನ್ನೆಲ್ಲ ಬರೆಯುವಾಗ ಹೆಸರು ಬದಲಾಯಿಸಲೇ ಎಂದು ಮಹದೇವಮ್ಮನನ್ನು ಕೇಳಿದೆ. ಯಾಕೆ ಎಂದಳು.)

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ಮುಳ್ಳೂರಿನ ಹೆಂಗಸೊಬ್ಬಳು, ಬ್ಯಾಂಕ್ ಕೆಲಸಕ್ಕೆ ಬಂದಿದ್ದವಳು, ತಿರುಗಿ ನೋಡಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ನಾನು ಗಾಬರಿಯಿಂದ ಆಸ್ಪತ್ರೆ ಎನ್ನಲು ಬಾಯಿ ತೆರೆದೆ. ಮಹದೇವಮ್ಮ ನನ್ನನ್ನು ತಡೆದಳು.

"ಜೈಲ್‌ಗೆ ಓಗಿದ್ವಿ ಕಣವ್ವ, ಅಣ್ಣನ್ನ ಮದ್ವೆಗೆ ಕರ್ಯಕೆ," ಎಂದಳು, ಅರ್ಧ ಬಸ್ಸಿಗೆ ಕೇಳುವಂತೆ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಹಿಂದಿನ ಸೀಟಿನಿಂದ ಮುಸುಕು ಹೊದ್ದ ಅಜ್ಜಿಯೊಬ್ಬಳು ನಮ್ಮ ಕಡೆ ಬಾಗಿ ಮೆಲ್ಲಗೆ ಕೇಳಿದಳು:

"ಯಾವ ಬ್ಯಾರಕ್ಕವ್ವ ನಿಮ್ಮೋರ್ದು?"