ಹೊತ್ತಿಕೊಂಡ ಬೀಕರ್

ಜಯನಗರದ ನಮ್ಮ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಹೇಳಿಕೊಡುತ್ತಿದ್ದ ಗೆಸ್ಟ್ ಲೆಕ್ಚರರ್ ಮೇಡಂಗೆ ಪಾಠವೆಲ್ಲ ಅಡುಗೆಮನೆಯಿಂದಲೇ ಬರುತ್ತಿತ್ತು. ಗ್ಲೂಕೋಸ್ ಸಿಗುತ್ತಿರುವಾಗ ಬ್ಯಾಕ್ಟೀರಿಯಾ, ಒಡೆದು ತಿನ್ನಬೇಕಾದ ಲ್ಯಾಕ್ಟೋಸ್ ಸಕ್ಕರೆಯನ್ನು ಒಳಗೆ ಸಾಗಿಸುವ ಪ್ರೋಟೀನಿನ ಜೀನನ್ನು ಸುಮ್ಮನಿರಿಸುತ್ತದೆ ಎಂದು ಹೇಳಿ, "ಬಿಸಿ ಇಡ್ಲಿ ತಟ್ಟೇಲಿರೋವಾಗ ಯಾರಾದ್ರೂ ಅಕ್ಕಿ ನೆನೆಹಾಕ್ತಾರಾ?" ಎಂದು ಕೇಳುತ್ತಿದ್ದರು. ಕೈಗೆ ಏನಾದರೂ ಅಂಟಿರಬಹುದೆಂದು ಜಾರಿದ ಕನ್ನಡಕವನ್ನು ಮುಂಗೈಯಿಂದ ಏರಿಸಿಕೊಳ್ಳುತ್ತಿದ್ದರು. ನಾವು ಅವಸರಪಟ್ಟರೆ, "ನಿಧಾನ ಕಣಮ್ಮಾ, ಬ್ಯಾಕ್ಟೀರಿಯಾಕ್ಕೇನು ಬಸ್ ಹಿಡಿಯೋದಿದ್ಯಾ?" ಎನ್ನುತ್ತಿದ್ದರು.

ಆ ದಿನ ಬನಶಂಕರಿ ಬಸ್ ಹಿಡಿಯಬೇಕಾಗಿದ್ದವಳು ನಾನು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಹರಡುವ ಗಾಜಿನ ಕಡ್ಡಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ದೀಪಕ್ಕೆ ಹಿಡಿದು, ಉರಿ ಆರುವವರೆಗೆ ಕಾಯಬೇಕು. ನಾನು ಉರಿಯುತ್ತಿದ್ದ ಕಡ್ಡಿಯನ್ನೇ ಮತ್ತೆ ಸ್ಪಿರಿಟ್ ಬೀಕರಿನಲ್ಲಿ ಅದ್ದಿದೆ. ಅದು ಹೊತ್ತಿಕೊಂಡಿತು. ಗಾಬರಿಯಲ್ಲಿ ಕೈ ತಗುಲಿ ಉರುಳಿತು. ಬೆಂಕಿ ಮೇಜಿನ ಮೇಲೆ ನೀರಿನಂತೆ ಹರಿದು ನನ್ನ ದುಪಟ್ಟಾದತ್ತ ಬಂತು. ಮೇಡಂ ನನ್ನನ್ನು ಹಿಂದಕ್ಕೆ ತಳ್ಳಿ, ಒದ್ದೆ ಬಟ್ಟೆಯನ್ನು ಬರಿಗೈಯಲ್ಲೇ ಅದರ ಮೇಲೆ ಒತ್ತಿ ಹಿಡಿದರು. ಬೆಂಕಿ ಆರಿತು, ಅವರ ಅಂಗೈ ಸುಟ್ಟಿತು.

ಇವತ್ತಿಗೂ ಗ್ಯಾಸ್ ಒಲೆ ಹಚ್ಚುವಾಗ ಆ ಬೆಂಕಿ ನನ್ನ ಕಡೆಗೇ ಹರಿದು ಬಂದಂತಾಗುತ್ತದೆ.

ಮರುದಿನ ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು. "ಕಡ್ಡಿ ನಾನೇ ಅದ್ದಿದ್ದು ಸಾರ್, ನಂದೇ ತಪ್ಪು," ಎಂದರು ಮೇಡಂ. ಗೆಸ್ಟ್ ಲೆಕ್ಚರರ್‌ಗಳನ್ನು ಸೆಮಿಸ್ಟರಿಗೊಮ್ಮೆ ಹೊಸದಾಗಿ ತೆಗೆದುಕೊಳ್ಳುತ್ತಾರೆ, ಬೇಡವಾದರೆ ಕರೆಯುವುದೇ ಇಲ್ಲ. ಅದು ನನಗೆ ಗೊತ್ತಿತ್ತು.

ಪ್ರಿನ್ಸಿಪಾಲರು ನನ್ನತ್ತ ತಿರುಗಿದರು. "ನೀನೂ ಅಲ್ಲೇ ಇದ್ಯಲ್ಲಮ್ಮಾ, ಇವರು ಹೇಳ್ತಿರೋದು ಹೌದಾ?"

ಮೇಡಂ ನನ್ನ ಕಡೆ ನೋಡಲಿಲ್ಲ.

"ಹೌದು ಸಾರ್," ಎಂದೆ.

ಮುಂದಿನ ಸೆಮಿಸ್ಟರಿನಲ್ಲಿ ನಮ್ಮ ಲ್ಯಾಬಿಗೆ ಬೇರೆಯವರು ಬಂದರು.