ವಾಲೇರಿಯಾ ಅತ್ತೆಯ ಗೋಡೆಯ ಪಿಯೆರ್ನಿಕ್

ನಮ್ಮ ತೊರೂನ್‌ಗೆ ಬರುವವರಿಗೆಲ್ಲ ಒಂದೇ ಚಟ, ಕಂಡದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವುದು. ಕೋಟೆಗೋಡೆಯ ಕೆಳಗೊಂದು ಫೋಟೊ, ಓರೆ ಗೋಪುರಕ್ಕೆ ಬೆನ್ನು ಕೊಟ್ಟು ಇನ್ನೊಂದು, ಆಮೇಲೆ ಅಂಗಡಿಯಿಂದ ಅಂಗಡಿಗೆ ಪಿಯೆರ್ನಿಕ್ ರುಚಿ. ಜೇನು, ಶುಂಠಿ, ಲವಂಗ ಹಾಕಿ ಸುಡುವ ನಮ್ಮೂರ ಬಿಸ್ಕತ್ತು ಅದು. ತಿನ್ನಲಿ, ಬೇಡ ಅಂದವರು ಯಾರು? ಆದರೆ ತಿನ್ನುವ ಪಿಯೆರ್ನಿಕ್ ಬೇರೆ, ಮರದ ಅಚ್ಚಿನಲ್ಲಿ ಒತ್ತಿ ಉಡುಗೊರೆ ಕೊಟ್ಟು ಗೋಡೆಗೆ ತೂಗುಹಾಕುವುದು ಬೇರೆ. ಅದನ್ನು ಕಚ್ಚಬಾರದು ಅಂತ ಇಲ್ಲಿ ಎಳೆಮಕ್ಕಳಿಗೂ ಗೊತ್ತು.

ಮೇಲಿನ ಮನೆಯ ವಾಲೇರಿಯಾ ಅತ್ತೆಯ ಅಡುಗೆಮನೆಯಲ್ಲಿ ಹೃದಯದಾಕಾರದ ಅಂಥದೊಂದು ಪಿಯೆರ್ನಿಕ್ ನಲವತ್ತು ವರ್ಷದಿಂದ ತೂಗುತ್ತಿತ್ತು. ಪ್ರೀತಿಗಲ್ಲ, ಸಾಕ್ಷಿಗೆ.

ಅತ್ತೆಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಸಿಟ್ಟು. ಹೋಟೆಲಿನ ಚಾದರಗಳಿಗೆ ಇಸ್ತ್ರಿ ಹಾಕಿ ಹಾಕಿ ಮೈಯೆಲ್ಲ ಬಿಸಿಯಾಗಿದೆ ಎಂದು ನಮ್ಮಮ್ಮ ಹೇಳುತ್ತಿದ್ದಳು. ಗಂಡ ಸೆವೆರಿನ್, ಪಿಯೆರ್ನಿಕ್ ಒತ್ತುವ ಮರದ ಅಚ್ಚು ಕೆತ್ತುವವನು, ಮಾತು ಕಡಿಮೆ. ಸಕ್ಕರೆಗೂ ರೇಷನ್ ಚೀಟಿ ಹಿಡಿದು ಸಾಲು ನಿಲ್ಲುತ್ತಿದ್ದ ಆ ಚಳಿಗಾಲದಲ್ಲಿ ಅವರ ಪುಟ್ಟ ಮಗಳು ಮಾಲ್ವಿನಾಗೆ ನಾಯಿಕೆಮ್ಮು ಹಿಡಿಯಿತು. ಹಳ್ಳಿಯಲ್ಲಿದ್ದ ಅತ್ತೆಯ ಅಪ್ಪ ಒಂದು ಜಾಡಿ ಜೇನು ಕೊಡುತ್ತೇನೆಂದ. ತರಲು ಹೋದ ಸೆವೆರಿನ್ ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದು, "ಕೆಲಸದ ಜಾಗದಲ್ಲಿಟ್ಟಿದ್ದೀನಿ, ನಾಳೆ ತರ್ತೀನಿ" ಎಂದ. ಮರುದಿನ ಅತ್ತೆಯ ಹೆಸರಿನ ಹಬ್ಬ, ನಮ್ಮಲ್ಲಿ ಹುಟ್ಟುಹಬ್ಬದ ಹಾಗೆ ಉಡುಗೊರೆ ಕೊಡುವ ದಿನ. ಅವನು ತಂದದ್ದು ಜೇನಲ್ಲ, ಈ ಹೃದಯ.

"ಮಗು ಕೆಮ್ಮಿ ಕೆಮ್ಮಿ ಸಾಯ್ತಿದೆ, ನೀನು ಆ ಜೇನನ್ನ ನಿನ್ನ ಅಚ್ಚಿನ ಶೋಕಿಗೆ ಸುರಿದ್ಯೇನೋ ಪಾಪಿ!"

ಆ ಕೂಗು ಕೆಳಗಿದ್ದ ನಮಗೂ ಕೇಳಿಸಿತು. ನಾನಾಗ ಶಾಲೆಗೆ ಹೋಗುವ ಹುಡುಗಿ. ಸೆವೆರಿನ್ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹೇಗೋ ಮಾಲ್ವಿನಾ ಹುಷಾರಾದಳು. ಹೃದಯ ಮಾತ್ರ ಗೋಡೆ ಏರಿತು. ಅಂದಿನಿಂದ ಯಾವ ಜಗಳವಾಗಲಿ, ಆಲೂಗಡ್ಡೆ ಸೀದರೂ ಸರಿ, ಅತ್ತೆಯ ಬೆರಳು ಗೋಡೆಯತ್ತ ಹೋಗುತ್ತಿತ್ತು. "ನೋಡು, ನಿನ್ನಪ್ಪನ ಪ್ರೀತಿ!" ಎಂದು ಮಗಳಿಗೂ ತೋರಿಸುತ್ತಿದ್ದಳು. ಮಗಳು ಅದನ್ನೇ ನಂಬಿ ಬೆಳೆದಳು. ದೊಡ್ಡವಳಾಗಿ ಗ್ದಿನ್ಯಾ ಊರು ಸೇರಿದ ಮೇಲೆ, ಅಲ್ಲಿಂದ ಫೋನ್ ಮಾಡಿದಾಗ ಅಪ್ಪ ಎತ್ತಿದರೆ, "ಅಮ್ಮಂಗೆ ಕೊಡಿ" ಅನ್ನುವಳು, ಅಷ್ಟೆ. ಅದನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಸೆವೆರಿನ್ ಹಾಗೆಯೇ ತೀರಿಕೊಂಡ. ಹೆಣ ಮನೆಯಲ್ಲಿದ್ದಾಗಲೂ ಅತ್ತೆ ಬಂದವರಿಗೆ ಜೇನಿನ ಕತೆ ಹೇಳಿದಳು.

ಈಗ ಅತ್ತೆ ಮುಂದಿನ ಕೋಣೆಯನ್ನು ಪ್ರವಾಸಿಗಳಿಗೆ ಕೊಡುತ್ತಾಳೆ. ಕಳೆದ ಶನಿವಾರ ಮೇಲಿನಿಂದ ಕಿರುಚಾಟ ಕೇಳಿ ನಾನು ಓಡಿದೆ. ವಾರ್ಸಾದಿಂದ ಬಂದಿದ್ದ ಹುಡುಗನೊಬ್ಬ ಗೋಡೆಗೊರಗಿ ನಿಂತಿದ್ದ, ಅತ್ತೆಯ ಕೈಯಲ್ಲಿ ಪೊರಕೆ. ಹೃದಯದ ಒಂದು ಮೂಲೆ ಮಾಯವಾಗಿತ್ತು.

"ನಾಚಿಕೆ ಆಗಲ್ವೇನೋ? ಊರೆಲ್ಲ ಮೇಯ್ದದ್ದು ಸಾಲ್ದು ಅಂತ ನನ್ನ ಗೋಡೇನೂ ತಿಂತೀಯಾ?"

"ತಪ್ಪಾಯ್ತು ಅಜ್ಜಿ! ಎಲ್ಲಾ ಅಂಗಡೀಲೂ ರುಚಿ ನೋಡಿ ಅಂತಾರಲ್ಲ, ಹಾಗೇ ಅಂದ್ಕೊಂಡೆ. ಅದೂ ಇದ್ರಲ್ಲಿ ಜೇನೇ ಇಲ್ಲ, ಥೂ, ಬರೀ ಉಪ್ಪು!"

ಪೊರಕೆ ಹಾಗೇ ನಿಂತಿತು.

"ಏನಂದೆ?"

ಅತ್ತೆ ಹೃದಯವನ್ನು ಕಿತ್ತು ಕಚ್ಚಿದಳು. ಒಂದು ಚೂರನ್ನು ನನ್ನ ಬಾಯಿಗೂ ತುರುಕಿದಳು. ಹಿಟ್ಟು, ಉಪ್ಪು, ಬಣ್ಣಕ್ಕೆಂದು ಬೆರೆಸಿದ ಬಾರ್ಲಿ ಕಾಫಿಪುಡಿಯ ಕಹಿ. ಒಂದು ಹನಿ ಜೇನಿಲ್ಲ. ಹುಡುಗ ಚೀಲ ಎತ್ತಿಕೊಂಡು ಕಾಲ್ಕಿತ್ತ.

"ಹಾಗಾದ್ರೆ ಜೇನು ಎಲ್ಲೋಯ್ತೇ, ರೆನ್ಯಾ?"

ಆಗ ನನಗೆ ನಮ್ಮ ಬಾಗಿಲ ಬಳಿಯ ಮೆಟ್ಟಿಲು ನೆನಪಾಯಿತು.

"ಅತ್ತೆ, ಆ ವಾರ ಕೆಳಗಿನ ಮೆಟ್ಟಿಲು ಕಾಲಿಗೆ ಅಂಟ್ತಿತ್ತು. ಅಮ್ಮ ಯಾರ್‍ಯಾರನ್ನೋ ಬೈತಾ ಗಾಜಿನ ಚೂರು ಗುಡಿಸಿ, ಬಿಸಿನೀರು ಹಾಕಿ ಉಜ್ಜಿದ್ಲು. ಮಾವ ಜಾಡಿ ಬೀಳಿಸಿರ್ಬೇಕು. ಮೊದ್ಲು ನಿಮ್ಮನ್ನ ಸಮಾಧಾನ ಮಾಡಿ ಆಮೇಲೆ ಹೇಳೋಣ ಅಂತ ಇದನ್ನ ತಂದ್ರೇನೋ. ನೀವು ಬಾಯಿ ತೆಗೆಯೋಕೆ ಬಿಟ್ರಾ?"

ಅತ್ತೆಯ ಮುಖ ಕೆಂಪೇರಿತು. ಬೀರುವಿನ ಮೇಲಿದ್ದ ಗಂಡನ ಫೋಟೊದತ್ತ ತಿರುಗಿದಳು.

"ಮುಟ್ಠಾಳ! ಬಾಯಲ್ಲಿ ನಾಲಿಗೆ ಇರ್ಲಿಲ್ವಾ ನಿಂಗೆ? ಸಾಯೋವರೆಗೂ ಬೈಸ್ಕೊಂಡ್ಯಲ್ಲೋ! ಮಗಳ ಹತ್ರ ಛೀ ಅನ್ನಿಸ್ಕೊಂಡ್ಯಲ್ಲೋ! ಬಿದ್ದೋಯ್ತು ಕಣೇ ಅಂದಿದ್ರೆ ನಾನೇನು ನಿನ್ನ ನುಂಗ್‌ಬಿಡ್ತಿದ್ನಾ?"

ಕುರ್ಚಿ ಎಳೆದುಕೊಂಡು ಕೂತಳು. ನನ್ನತ್ತ ನೋಡಿ, ನಾನೆಂದೂ ಕೇಳದ ಸಣ್ಣ ದನಿಯಲ್ಲಿ ಕೇಳಿದಳು.

"ನುಂಗ್ತಿದ್ನೇನೇ, ರೆನ್ಯಾ?"

ಇಲ್ಲ ಅನ್ನಬಹುದಿತ್ತು. ಆದರೆ ಕೆಳಗಿನ ಮನೆಯಲ್ಲಿ ಕೂತು ನಲವತ್ತು ವರ್ಷ ಅದೆಲ್ಲ ಕೇಳಿಸಿಕೊಂಡವಳು ನಾನು.

"ನುಂಗ್ತಿದ್ರಿ ಅತ್ತೆ," ಎಂದೆ.