ಬ್ಯಾರನ್ನಿನ ಕಾವು ಕಾದವನು

ಕಟ್ಟೆಮಳಲವಾಡಿಯ ತಿಮ್ಮಯ್ಯ ಹೊಗೆಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಲೇ ಮುದುಕನಾದವನು. ಕಿಂಡಿಯಲ್ಲಿ ಥರ್ಮಾಮೀಟರ್ ನೋಡುವುದು, ಕಾವು ಇಳಿದಿದ್ದರೆ ಸೌದೆ ತುರುಕುವುದು, ಏರಿದ್ದರೆ ಹೊರಗೆಳೆಯುವುದು, ಮತ್ತೆ ನೋಡುವುದು. ಇದೇ ಅವನ ಬದುಕು. ಈ ವರ್ಷ ಕಣ್ಣು ಮಂಜಾದದ್ದನ್ನು ಯಾರಿಗೂ ಹೇಳದೆ, ಬರೀ ಅಂದಾಜಿನ ಮೇಲೆ ಸೌದೆ ಹಾಕಿದ. ಒಂದು ಬ್ಯಾರನ್ ಸೊಪ್ಪು ಪೂರಾ ಕಪ್ಪಾಗಿ ಹಾಳಾಯಿತು, ಅವನ ಗುಟ್ಟೂ ಬಯಲಾಯಿತು.

ಮತ್ತೆ ಬ್ಯಾರನ್ ತುಂಬಿದಾಗ ಅವನು ಒಲೆಯ ಹತ್ತಿರ ಸುಳಿಯಲಿಲ್ಲ. ಹೆಂಡತಿ ಪುಟ್ಟತಾಯಮ್ಮ ಕಿಂಡಿಗೆ ಮುಖವಿಟ್ಟು ಕೂಗಿದಳು.

"ಕಾವು ಇಳೀತಾ ಐತೆ ಕಣಯ್ಯೋ! ನಾನ್ ನೋಡಿ ಯೋಳ್ತೀನಿ, ನೀನ್ ಸೌದೆ ಆಕು ಬಾ."

"ಕುರುಡನ ಕೈಗೆ ಬೆಂಕಿ ಕೊಟ್ಟೀಯಾ?"

"ಕಣ್ಣು ಕಾಣಲ್ಲ ಅಂತ ಮುಚ್ಚಿಟ್ಟಿದ್ದೇ ತಪ್ಪು. ಕೈ ಏನ್ ಮಾಡಿತ್ತು, ಪಾಪ?"

ತಿಮ್ಮಯ್ಯ ಬಂದು ಒಂದು ಕೊರಡು ತಳ್ಳಿದ. ಇನ್ನೊಂದನ್ನು ಎತ್ತಿಕೊಂಡವನು ಹಾಕದೆ ಕೇಳಿದ, "ಈಗ ಎಷ್ಟೈತಮ್ಮೀ?"